ಪೆದ್ದಚೆರುವಿನ ರಾಕ್ಷಸ ನಮ್ಮ ದಾರಿಯಲ್ಲೇ ಇದ್ದ!

(ದೋರನಹಳ್ಳಿಯಲ್ಲಿ ಯುವಕರೆದುರು ಆಡಿದ ಮಾತು)



ರಜೆಗೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದೀರಿ. ಚೀಲದಲ್ಲಿ ಇಂಗ್ಲಿಷಿನ ಭಯಾನಕ ಕಾದಂಬರಿ. ಹಿಮದ ಕಾಡು, ದಾರಿ ತಪ್ಪಿದ ನಾಲ್ವರು, ಕತ್ತಲಲ್ಲೊಂದು ರಾಕ್ಷಸ. ಓದಬೇಡಿ ಎನ್ನಲು ನಾನು ನಿಂತಿಲ್ಲ. ನಾನೂ ಓದುತ್ತೇನೆ, ಓದಿ ಲೈಟು ಆರಿಸದೆ ಮಲಗಿದ್ದೂ ಉಂಟು. ಆದರೆ 'ಇಂಥದ್ದು ಕನ್ನಡದಲ್ಲಿ ಎಲ್ಲಿದೆ ಸಾರ್?' ಎಂದು ಮೂಗು ಮುರಿಯುತ್ತೀರಲ್ಲ, ನನ್ನ ತಕರಾರು ಅಲ್ಲಿ.

ಇದೆ ಸ್ವಾಮಿ! ಪೂರ್ಣಚಂದ್ರ ತೇಜಸ್ವಿಯವರು 1990ರ ದಶಕದಲ್ಲಿ ಕೊಟ್ಟ 'ಕಾಡಿನ ಕತೆಗಳು' ಮಾಲೆಯ 'ಪೆದ್ದಚೆರುವಿನ ರಾಕ್ಷಸ' ಕೈಗೆತ್ತಿಕೊಳ್ಳಿ. ಇದು ಕಾದಂಬರಿಯಲ್ಲ, ಶಿಕಾರಿಯ ಅನುಭವ. ರಾಕ್ಷಸನಿಗೆ ಕೊಂಬಿಲ್ಲ, ಅವನು ಮನುಷ್ಯರನ್ನು ತಿನ್ನುವ ಕುಂಟ ಹುಲಿ. ಇಂಗ್ಲಿಷಿನಲ್ಲಿ ಮೊದಲು ಬರೆದವರು ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974). ಇಂಥ ಕತೆಯಲ್ಲಿ ಹುಲಿಗಿಂತ ಮೊದಲು ಕಡವೆಯ ಕೂಗು ಬರುತ್ತದೆ. ಆ ಕೂಗು ನಿಂತ ಮೇಲಿನ ಮೌನವಿದೆಯಲ್ಲ, ಅದನ್ನು ತಾಯಿನುಡಿಯಲ್ಲಿ ಓದಿ ನೋಡಿ. ನಿಘಂಟು ತೆರೆಯಲು ಪುರುಸೊತ್ತಿಲ್ಲದ ಭಯ ಅದು.

ಈ ಪೆದ್ದಚೆರುವು ಎಲ್ಲಿದೆ ಗೊತ್ತೇ? ತೆಲುಗರ ನಾಡಿನ ನಲ್ಲಮಲ ಕಾಡಿನಲ್ಲಿ, ಚೆಂಚು ಜನರ ನೆಲೆ. ಆತ್ಮಕೂರಿನಿಂದ ಶ್ರೀಶೈಲಕ್ಕೆ ಹೋಗುವ ಕಾಲುದಾರಿಯಲ್ಲಿದೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ... ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ನಡೆದುಹೋದ ನಮ್ಮ ಹಿರಿಯರನ್ನು ಕೇಳಿ, ಈ ಹೆಸರುಗಳನ್ನು ಕಣ್ಣುಮುಚ್ಚಿ ಹೇಳುತ್ತಾರೆ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ ಅವರು ದಣಿವಾರಿಸಿಕೊಂಡ ಕಾಡೇ ಆಂಡರ್ಸನ್ ಕೋವಿ ಹಿಡಿದು ಕೂತ ಕಾಡು! ಇವತ್ತಿಗೂ ಅದು ಹುಲಿ ಸಂರಕ್ಷಿತ ಅರಣ್ಯ.

ಶಿಕಾರಿಗೆ ಹೋದವನು ಬರೆದ. ವರ್ಷವರ್ಷ ಬರಿಗಾಲಲ್ಲಿ ನಡೆದ ನಮ್ಮವರ ಕತೆ ಬಾಯಲ್ಲೇ ಉಳಿಯಿತು. ಅದು ಅವರ ತಪ್ಪಲ್ಲ. 1948ರವರೆಗೆ ಈ ಸೀಮೆ ನಿಜಾಮನದು, ಸರ್ಕಾರಿ ಶಾಲೆಯ ಭಾಷೆ ಉರ್ದು. ಅಕ್ಷರವೇ ದಕ್ಕದವರು ಪುಸ್ತಕ ಎಲ್ಲಿಂದ ಬರೆಯಬೇಕು? ನಮ್ಮ ದಾರಿಯ ಹುಲಿ ಇಂಗ್ಲಿಷಿಗೆ ಹೋಗಿ, ಮೂಡಿಗೆರೆಯ ತೇಜಸ್ವಿಯವರ ಕೈ ಹಿಡಿದು ನಮ್ಮಲ್ಲಿಗೆ ಬರಬೇಕಾಯಿತು.

ನಿಮಗೆ ಅಕ್ಷರವಿದೆ. ಕಿಸೆಯಲ್ಲಿ ಕನ್ನಡ ಮೂಡುವ ಫೋನೂ ಇದೆ. ಇವತ್ತು ರಾತ್ರಿ ಊಟ ಮುಗಿದ ಮೇಲೆ, ಆ ದಾರಿ ನಡೆದವರೊಬ್ಬರ ಪಕ್ಕ ಕೂತು ಕೇಳಿ: "ಆಯಿ, ಪೆದ್ದಚೆರುವಿನ್ಯಾಗ ಬೆಂಕಿ ಆರಿದ ಮ್ಯಾಲ ಏನ್ ಕೇಳಿಸ್ತು?" ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ.