ಆಟದ ಮಾನಿಟರ್, ಅಡಿಕೆ ದುಡ್ಡು

ವೀಕ್ಷಕರೇ, ಅಜೆಕಾರಿನ ಒಂದು ಮನೆ ಅಂದ್ಕೊಳ್ಳಿ. ಮಗನಿಗೆ ಗೇಮಿಂಗ್ ಮಾನಿಟರ್, 144 ಹರ್ಟ್ಸೇ ಬೇಕು. ಅಪ್ಪನ ಕೈಲಿರೋದು ಅಡಿಕೆ ಮಾರಿದ ದುಡ್ಡು. 144 ಹರ್ಟ್ಸ್ ಅಂದ್ರೆ ತೆರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು ಅಂತ. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ 50 ಚಿತ್ರ ಮಾತ್ರ ಕೊಟ್ಟರೆ? ನೀರಲ್ಲಿ ಹೋಮ!

ಎಂಜಿನಿಯರಿಂಗ್ ಓದಿದವನು ಹೇಳ್ತಿದೀನಿ, ಮೊದಲು ಪ್ಯಾನೆಲ್ ನೋಡಿ. ಐಪಿಎಸ್ ಆದ್ರೆ ಪಕ್ಕದಲ್ಲಿ ಕೂತು ಸೀರಿಯಲ್ ನೋಡೋ ಅಮ್ಮನಿಗೂ ಬಣ್ಣ ಸರಿಯಾಗಿ ಕಾಣುತ್ತೆ. ಟಿಎನ್ ಆದ್ರೆ ಓರೆಯಿಂದ ಮಾಸಲು. 1920×1080ರ ಅಗಲ ತೆರೆಗೆ 24 ಇಂಚು ಸಾಕು. ಅದನ್ನೇ 27ಕ್ಕೆ ಹಿಗ್ಗಿಸಿದರೆ ಅಕ್ಷರ ಒರಟಾಗುತ್ತೆ, ದಿನವಿಡೀ ಓದೋರಿಗೆ ಹಿಂಸೆ.

ಉಳಿದ ದುಡ್ಡಿಗೆ ಒಂದು ಯುಪಿಎಸ್ ತನ್ನಿ. ಆಟಿಯ ಗಾಳಿಮಳೆಗೆ ಕರೆಂಟು ಹೋದಾಗ ಮಗನ ಪ್ರಾಜೆಕ್ಟ್ ರಿಪೋರ್ಟ್ ಸೇವ್ ಮಾಡೋಷ್ಟು ಹೊತ್ತಾದರೂ ಸಿಗುತ್ತೆ.