ಕೇಕ್ ಚೆನ್ನಾಗಿದೆ, ಆದ್ರೆ ಮಾರಲ್ಲ

ಮನೇಲಿ ಒಂದು ಕೇಕ್ ಚೆನ್ನಾಗಿ ಬಂದ್ರೆ ಸಾಕು, ತಿಂದವರ ಮೊದಲ ಪ್ರಶ್ನೆ: "ಇದನ್ನ ಯಾಕೆ ಮಾರಬಾರದು?" ಬಿ.ಕಾಂ ಓದಿದವಳಿಗಂತೂ ಈ ಪ್ರಶ್ನೆ ತಪ್ಪಿದ್ದಲ್ಲ. ಲೆಕ್ಕ ನಂಗೂ ಬರುತ್ತೆ: ಮೈದಾ, ಬೆಣ್ಣೆ, ಗ್ಯಾಸು, ಡಬ್ಬ, ಎಫ್‌ಎಸ್‌ಎಸ್‌ಎಐ ನೋಂದಣಿ. ಆದ್ರೆ ಆ ಲೆಕ್ಕದಲ್ಲಿ ನನ್ನ ಭಾನುವಾರಕ್ಕೆ ಬೆಲೆ ಕಟ್ಟೋದು ಹೇಗೆ?

ನಾನು ಕೇಕ್ ಮಾಡೋದು ಕುಕ್ಕರ್‌ನಲ್ಲಿ. ಗ್ಯಾಸ್ಕೆಟ್, ವಿಷಲ್ ತೆಗೆದಿಟ್ಟು, ತಳಕ್ಕೆ ಉಪ್ಪು ಹಾಸಿ, 10 ನಿಮಿಷ ಕಾಯಿಸ್ತೀನಿ. ಮೊಸರಿಗೆ ಸೋಡಾ ಸೇರಿದ ತಕ್ಷಣ ಗುಳ್ಳೆ ಏಳುತ್ತೆ. ಅದು ಇಳಿಯೋ ಮೊದಲೇ ಹಿಟ್ಟು ಕುಕ್ಕರ್ ಒಳಗೆ ಹೋಗಬೇಕು. ಆಮೇಲೆ ಸಣ್ಣ ಉರಿ. ಮೊದಲ 30 ನಿಮಿಷ ಮುಚ್ಚಳ ಮುಟ್ಟೋ ಹಾಗಿಲ್ಲ, ತೆಗೆದ್ರೆ ಕೇಕ್ ನಡುವೆ ಕುಸಿಯುತ್ತೆ.

ಲೈಕ್ಸ್ ಎಷ್ಟು, ಡೌನ್‌ಲೋಡ್ಸ್ ಎಷ್ಟು ಅಂತ ದಿನವಿಡೀ ಇಣುಕೋ ಸ್ವಭಾವ ನಂದು. ಆ 30 ನಿಮಿಷ ಮಾತ್ರ ಸುಮ್ನೆ ಕಾಯ್ತೀನಿ. ಆರ್ಡರ್ ತಗೊಂಡ್ರೆ ಅದೂ ಡೆಡ್‌ಲೈನ್ ಆಗುತ್ತೆ. ಕೇಕ್ ಮಾರಿ ಮನೆ ನಡೆಸೋರ ಮೇಲೆ ನಂಗೆ ತುಂಬಾ ಗೌರವ ಇದೆ. ಆದ್ರೆ ಕೈಗೆ ಬಂದಿದ್ದೆಲ್ಲಾ ದುಡ್ಡು ತರಲೇಬೇಕು ಅಂತೇನಿಲ್ಲ ಅಲ್ವಾ?

ದುಡ್ಡು ತರದ ನಿಮ್ಮ ಹವ್ಯಾಸ ಯಾವುದು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.