ಭಿನ್ನ ಮನಸ್ಸಿನ ಮಕ್ಕಳಿಗೂ ಸ್ಥಳವಿರಲಿ



ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲವೆಂದು ಜನರು ಹೇಳುತ್ತಾರೆ. ಆದರೂ ಮಾಡನ್ನು ಹೊತ್ತಿರುವುದು ಅವೆಲ್ಲವೂ ಕೂಡಿ. ಮನುಷ್ಯರ ಮಿದುಳೂ ಹೀಗೆಯೇ ಬಗೆಬಗೆಯಾದುದು. ಬಲ್ಲವರು ಇದನ್ನು ನರವೈವಿಧ್ಯವೆಂದು ಕರೆಯುತ್ತಾರೆ.

ಅಕ್ಷರಗಳನ್ನು ಕೂಡಿಸಿ ಓದಲು ತೊಡಕುಪಡುವ ಡಿಸ್ಲೆಕ್ಸಿಯಾದ ಮಗು, ಗದ್ದಲ ತಾಳಲಾರದೆ ಕಿವಿ ಮುಚ್ಚಿಕೊಳ್ಳುವ ಆಟಿಸಂ ಇರುವ ಮಗು, ಇವರು ಸೋಮಾರಿಗಳಲ್ಲ, ಹಠಮಾರಿಗಳೂ ಅಲ್ಲ. ತಾಯಿ ಸಾಕಿದ ರೀತಿಯಿಂದ ಹೀಗಾದುದೂ ಅಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಪ್ರಭು ಉತ್ತರಿಸಿದರು.

ನಮ್ಮ ಜಿಲ್ಲೆಗೆ ವಿಶೇಷ ಮಕ್ಕಳ ಸೇವೆ ಹೊಸದಲ್ಲ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ 1970ರಲ್ಲೇ ಆರಂಭವಾಯಿತು. ಕಾನೂನಾದರೋ ತಡವಾಗಿ ಕಣ್ತೆರೆಯಿತು. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ 21 ಬಗೆಗಳನ್ನು ಹೆಸರಿಸಿ, ಆಟಿಸಂ ಹಾಗೂ ಕಲಿಕೆಯ ತೊಡಕುಗಳನ್ನೂ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇಂಥ ಅನುಕೂಲಗಳನ್ನು ಆ ಕಾಯ್ದೆ ಹೇಳಿದೆ. ನೆರೆಹೊರೆಯವರು ಏನೆನ್ನುವರೋ ಎಂಬ ನಾಚಿಕೆಯಿಂದ ಹೆತ್ತವರು ವೈದ್ಯರ ಪ್ರಮಾಣಪತ್ರವನ್ನೇ ಮಾಡಿಸದಿದ್ದರೆ ಮಗುವಿಗೆ ಇವು ದಕ್ಕುವುದಿಲ್ಲ.

ಇನ್ನು ಇಗರ್ಜಿಯ ಮಾತು. ಅಂಗವೈಕಲ್ಯವುಳ್ಳ ಯಾರಿಗೂ ಸಂಸ್ಕಾರಗಳನ್ನು ನಿರಾಕರಿಸಲಾಗದೆಂದು 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮೋಪದೇಶ ಮಾರ್ಗದರ್ಶಿ ಸ್ಪಷ್ಟವಾಗಿ ತಿಳಿಸಿದೆ. ಆದರೆ ಬಾಗಿಲು ಮುಚ್ಚಲು ನಿಯಮವೇ ಬೇಕಾಗಿಲ್ಲ. ಬಲಿಪೂಜೆಯ ನಡುವೆ ಮಗುವೊಂದು ಕೂಗಿದಾಗ ನಾಲ್ಕು ಜನ ಹಿಂದಿರುಗಿ ದುರುಗುಟ್ಟಿದರೆ ಸಾಕು, ಆ ತಾಯಿ ಮುಂದಿನ ಭಾನುವಾರ ಮನೆಯಲ್ಲೇ ಉಳಿಯುತ್ತಾಳೆ.

ಇಂಥ ಮಕ್ಕಳಲ್ಲಿ ಕೆಲವರಿಗೆ ಅಪೂರ್ವ ಜ್ಞಾಪಕಶಕ್ತಿಯಿದೆ, ಕೆಲವರಿಗೆ ಸಂಗೀತದ ಕಿವಿಯಿದೆ. ಸಂತೋಷವೇ. ಆದರೆ ಪ್ರತಿಭೆಯಿದ್ದವರಿಗೆ ಮಾತ್ರ ಬೆಲೆಯೆಂದು ಭಾವಿಸದಿರೋಣ. ಮಾತೇ ಬಾರದ ಮಗುವೂ ದೇವರ ಪ್ರತಿರೂಪವೇ.

ಆದ್ದರಿಂದ ನಾವು ಕೇಳಿಕೊಳ್ಳುವುದು ಇಷ್ಟೇ. ಬಾಗಿಲ ಬಳಿಯ ಒಂದು ಬೆಂಚನ್ನು ಈ ಕುಟುಂಬಗಳಿಗೆ ಬಿಡೋಣ. ಹಬ್ಬದ ದಿನ ಧ್ವನಿವರ್ಧಕದ ಅಬ್ಬರ ತಗ್ಗಿಸೋಣ. ಧರ್ಮೋಪದೇಶದ ತರಗತಿಯಲ್ಲಿ ಚಿತ್ರಗಳ ಮೂಲಕವೂ ಕಲಿಸೋಣ. ವಾರಕ್ಕೊಮ್ಮೆ ಒಂದು ಗಂಟೆ ಆ ಮಗುವಿನೊಡನಿದ್ದು ತಾಯಿಗೆ ಬಿಡುವು ಕೊಡೋಣ. ತಮ್ಮ ಕಾಲಾನಂತರ ಈ ಮಗುವಿಗೆ ಯಾರು ಎಂಬುದು ಆ ಹೆತ್ತವರ ರಾತ್ರಿಯ ಚಿಂತೆ. ನೂರು ವರುಷ ಕಂಡ ಧರ್ಮಕೇಂದ್ರವು ಅವರಿಗೆ ‘ನಾವಿದ್ದೇವೆ’ ಎನ್ನುವಂತಾಗಲಿ.